ಕೋವಿಡ್ ನಂತರ ಹೋದ ವಾಸನೆ ಡಿಫ್ಯೂಸರ್‌ನಿಂದ ವಾಪಸ್ ಬರುತ್ತಾ?

ಕೋವಿಡ್ ಆಗಿ ನಾಲ್ಕು ತಿಂಗಳಾದರೂ ವಾಸನೆ ಸರಿಯಾಗಿ ಗೊತ್ತಾಗುತ್ತಿಲ್ಲ, ಡಿಫ್ಯೂಸರ್‌ಗೆ (ಕೋಣೆಯಲ್ಲೆಲ್ಲ ಘಮ ಹರಡುವ ಉಪಕರಣ) ಎಸೆನ್ಷಿಯಲ್ ಆಯಿಲ್, ಅಂದರೆ ಗಿಡಗಳಿಂದ ತೆಗೆದ ಪರಿಮಳದ ಎಣ್ಣೆ ಹಾಕಿ ದಿನವಿಡೀ ಇಟ್ಟರೆ ಸರಿಹೋಗುತ್ತಾ, ಯಾವ ಬ್ರ್ಯಾಂಡ್ ತರಲಿ ಎಂದು ಕೇಳಿದ್ದೀರಿ. ಡಿಫ್ಯೂಸರ್ ಬೇಡ. ಎಣ್ಣೆ ಉಪಯೋಗಕ್ಕೆ ಬರುತ್ತದೆ, ಆದರೆ ಬಳಸುವ ಕ್ರಮವೇ ಬೇರೆ.

ವಾಸನೆ ಹಿಡಿಯುವ ಪುಟ್ಟ ಪೊರೆ ಇರುವುದು ಮೂಗಿನ ಒಳಗೆ, ತೀರಾ ಮೇಲ್ಭಾಗದಲ್ಲಿ. ಅಲ್ಲಿನ ನರಕೋಶಗಳಲ್ಲಿ ವಾಸನೆಯ ಕಣಗಳನ್ನು ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಕೊರೊನಾ ವೈರಸ್ ಮುಖ್ಯವಾಗಿ ದಾಳಿ ಮಾಡುವುದು ಈ ನರಕೋಶಗಳಿಗೆ ಆಸರೆಯಾಗಿರುವ ಪಕ್ಕದ ಕೋಶಗಳ ಮೇಲೆ. ಸಮಾಧಾನದ ವಿಷಯವೆಂದರೆ ಇಲ್ಲಿನ ನರಕೋಶಗಳು ಮತ್ತೆ ಹುಟ್ಟುತ್ತವೆ. ಆ ಚೇತರಿಕೆಗೆ ಒತ್ತಾಸೆ ಕೊಡುವುದು ಬಿಟ್ಟು ಬಿಟ್ಟು, ಗಮನವಿಟ್ಟು ಮೂಸುವ ಅಭ್ಯಾಸ. ಒಂದೇ ಘಮ ಸತತವಾಗಿ ಇದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ದೇವರ ಮನೆಯಲ್ಲೇ ಕೂತವರಿಗೆ ಊದುಬತ್ತಿ ಹಚ್ಚಿದ್ದೇ ಮರೆತುಹೋಗುತ್ತದಲ್ಲ, ಹಾಗೆ. ಡಿಫ್ಯೂಸರ್ ಸೋಲುವುದು ಅದಕ್ಕೇ.

ಈ ಅಭ್ಯಾಸಕ್ಕೆ ಸ್ಮೆಲ್ ಟ್ರೇನಿಂಗ್ ಎನ್ನುತ್ತಾರೆ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಕ್ರಮ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕು ವಾಸನೆ, ದಿನಕ್ಕೆರಡು ಸಲ, 12 ವಾರ. ಮುಚ್ಚಳ ಬಿಗಿಯಾಗಿ ಕೂರುವ ನಾಲ್ಕು ಸಣ್ಣ ಗಾಜಿನ ಬಾಟಲಿ ತನ್ನಿ, ಕಂದು ಬಣ್ಣದ್ದಾದರೆ ಒಳ್ಳೆಯದು. ಪ್ಲಾಸ್ಟಿಕ್ ಡಬ್ಬಿ ಬೇಡ, ಲವಂಗದೆಣ್ಣೆ ಅದನ್ನು ತಿನ್ನುತ್ತದೆ. ಪ್ರತಿಯೊಂದರಲ್ಲೂ ಹತ್ತಿಯ ಉಂಡೆ ಇಟ್ಟು ನಾಲ್ಕೈದು ಹನಿ ಎಣ್ಣೆ ಬಿಡಿ, ಹೆಸರು ಬರೆದು ಅಂಟಿಸಿ. ಬೆಳಿಗ್ಗೆ ತಿಂಡಿಗೆ ಮುಂಚೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು 15–20 ಸೆಕೆಂಡು ಮೂಸಿ. ದೀರ್ಘವಾಗಿ ಎಳೆಯಬೇಡಿ, ಸಣ್ಣ ಸಣ್ಣ ಉಸಿರು ಸಾಕು. ನಡುವೆ ಅರ್ಧ ನಿಮಿಷ ಬಿಡುವು. ಮೂಸುವಾಗ ಬಾಟಲಿ ಮೇಲಿನ ಹೆಸರು ನೋಡುತ್ತಾ ಆ ವಾಸನೆ ಮುಂಚೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಿ. ಟಿವಿ ನೋಡುತ್ತಾ ಮೂಸಿದರೆ ಅರ್ಧ ಕೆಲಸ ಮಾತ್ರ ಆದ ಹಾಗೆ.

ಬಹಳ ಜನ ಎಡವುವುದು ನೀಲಗಿರಿಯಲ್ಲಿ. ಅದನ್ನು ಮೂಸಿದಾಗ ಮೂಗಲ್ಲಿ ತಣ್ಣಗೆ, ಚುರ್ ಎನ್ನುವ ಹಾಗೆ ಆದರೆ 'ವಾಸನೆ ಬಂತು' ಎಂದುಕೊಳ್ಳಬೇಡಿ. ತಂಪು, ಉರಿ, ಕಚಗುಳಿ ಇವನ್ನೆಲ್ಲ ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಎಂಬ ಬೇರೆ ನರ. ವಾಸನೆ ಪೂರ್ತಿ ಹೋದವರಿಗೂ ವಿಕ್ಸ್, ಕರ್ಪೂರ ಗೊತ್ತಾಗುತ್ತದೆ. ಪ್ರಗತಿ ಅಳೆಯಬೇಕಿದ್ದರೆ ಗುಲಾಬಿಯನ್ನು ನಂಬಿ. ಅದರ ಮುಖ್ಯ ಪರಿಮಳವಾದ ಫಿನೈಲ್ ಈಥೈಲ್ ಆಲ್ಕೋಹಾಲ್ ಆ ನರವನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ.

ಬ್ರ್ಯಾಂಡ್ ವಿಷಯಕ್ಕೆ ತಲೆಕೆಡಿಸಿಕೊಳ್ಳಬೇಡಿ. 'ಥೆರಪ್ಯೂಟಿಕ್ ಗ್ರೇಡ್' ಎನ್ನುವುದು ಮಾರುವವರ ಮಾತು, ಅದಕ್ಕೊಂದು ಅಧಿಕೃತ ಮಾನದಂಡವೇ ಇಲ್ಲ. ಒಂದು ಕಿಲೋ ಗುಲಾಬಿ ಎಣ್ಣೆಗೆ ಟನ್‌ಗಟ್ಟಲೆ ಎಸಳು ಬೇಕು, ಹಾಗಾಗಿ ಇನ್ನೂರು ರೂಪಾಯಿಯ ಬಾಟಲಿಯಲ್ಲಿರುವುದು ಬಹುಪಾಲು ಸಿಂಥೆಟಿಕ್. ಈ ಕೆಲಸಕ್ಕೆ ಅದೂ ನಡೆಯುತ್ತದೆ, ಒಳ್ಳೆಯ ಪನ್ನೀರೂ ನಡೆಯುತ್ತದೆ. ದುಡ್ಡೇ ಖರ್ಚು ಮಾಡಬಾರದೆಂದರೆ ಅಡುಗೆಮನೆ ಸಾಕು: ಆಗ ತಾನೇ ಕುಟ್ಟಿದ ಲವಂಗ, ತುರಿದ ನಿಂಬೆ ಸಿಪ್ಪೆ, ನೀಲಗಿರಿಯ ಬದಲು ಜಜ್ಜಿದ ಏಲಕ್ಕಿ (ಎರಡರಲ್ಲೂ ಸಿನಿಯೋಲ್ ಎಂಬ ಪರಿಮಳದ ಅಂಶ ಇದೆ). ಇವನ್ನು ಮಾತ್ರ ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ನಿಂಬೆ ಎಣ್ಣೆ ಗಾಳಿ, ಬೆಳಕಿಗೆ ಬೇಗ ಕೆಡುತ್ತದೆ, ಫ್ರಿಜ್‌ನಲ್ಲಿಡಿ. ಕೆಟ್ಟದ್ದು ಚರ್ಮಕ್ಕೆ ತಾಗಿದರೆ ಅಲರ್ಜಿಯಾಗಬಹುದು. ಯಾವ ಎಣ್ಣೆಯನ್ನೂ ಮೂಗಿಗೆ ಹಚ್ಚಬೇಡಿ, ಕುಡಿಯಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ನೀಲಗಿರಿ ಎಣ್ಣೆ ಕೈಗೆಟುಕದ ಹಾಗಿಡಿ, ಹೊಟ್ಟೆಗೆ ಹೋದರೆ ಫಿಟ್ಸ್ ಬರುವಷ್ಟು ಅಪಾಯ.

12 ವಾರ ಮುಗಿದ ಮೇಲೆ ವಾಸನೆಗಳನ್ನು ಬದಲಿಸಿ ಮುಂದುವರಿಸಬಹುದು: ಮಲ್ಲಿಗೆ, ಪುದೀನ, ಕಿತ್ತಳೆ ಸಿಪ್ಪೆ, ಉಜ್ಜಿದ ಓಂಕಾಳು. ನಡುವೆ ಕಾಫಿ, ಈರುಳ್ಳಿ, ಮೊಟ್ಟೆ ಇದ್ದಕ್ಕಿದ್ದಂತೆ ಸುಟ್ಟ ರಬ್ಬರಿನಂತೆಯೋ ಚರಂಡಿಯಂತೆಯೋ ನಾರಬಹುದು. ಇದಕ್ಕೆ ಪ್ಯಾರೋಸ್ಮಿಯಾ ಎನ್ನುತ್ತಾರೆ. ಹಿಂಸೆಯೇನೋ ಹೌದು, ಆದರೆ ಎಷ್ಟೋ ಸಲ ನರಗಳು ಚಿಗುರುತ್ತಿರುವ ಸೂಚನೆ ಅದು. ಆಗ ಅಡುಗೆ ಬಿಸಿ ಆರಿದ ಮೇಲೆ ಉಣ್ಣಿ, ಆವಿ ಕಮ್ಮಿಯಾದಷ್ಟೂ ನಾತ ಕಮ್ಮಿ. ಎಲ್ಲರಿಗೂ ಪೂರ್ತಿ ವಾಪಸ್ ಬರುತ್ತದೆಂದು ಹೇಳಲಾರೆ, ವಾರದೊಳಗೆ ಫಲ ಕಾಣುತ್ತದೆಂದಂತೂ ಖಂಡಿತ ಹೇಳುವುದಿಲ್ಲ.

ಅಭ್ಯಾಸ ಶುರು ಮಾಡುವ ಮುಂಚೆ ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮೂಗಿನಲ್ಲಿ ಪಾಲಿಪ್ (ಒಳಗೆ ಬೆಳೆಯುವ ಮೆತ್ತನೆಯ ಗಂಟು) ಇದ್ದರೆ ಎಷ್ಟು ಮೂಸಿದರೂ ವ್ಯರ್ಥ. ಒಂದೇ ಹೊಳ್ಳೆಯಲ್ಲಿ ವಾಸನೆ ಹೋಗಿದ್ದರೆ, ರಕ್ತ ಬರುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಹೀಗಾಗಿದ್ದರೆ ತಡಮಾಡಲೇಬೇಡಿ.

ಇನ್ನೊಂದು, ನೀವು ಕೇಳದಿದ್ದರೂ: ಇವತ್ತೇ ಗ್ಯಾಸ್ ಲೀಕ್ ಅಲಾರಂ ತರಿಸಿ. ಸಿಲಿಂಡರ್ ಸೋರುವುದು ಗೊತ್ತಾಗಲೆಂದೇ ಅದರಲ್ಲಿ ಬೆರೆಸುವ ಮರ್ಕ್ಯಾಪ್ಟನ್‌ನ ನಾತ ಸದ್ಯಕ್ಕೆ ನಿಮ್ಮ ಮೂಗಿಗೆ ಹತ್ತದೇ ಹೋಗಬಹುದು. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಅಲಾರಂ ನೆಲದಿಂದ ಒಂದಡಿಯೊಳಗೆ ಇರಲಿ. ಪೈಪ್‌ನಲ್ಲಿ ಬರುವ ಗ್ಯಾಸ್ ಆದರೆ ಹಗುರ, ಚಾವಣಿಯ ಹತ್ತಿರ ಹಾಕಿಸಿ.