ದಿನಾಂಕಗಳೆಲ್ಲ ಹೊಂದಿದ ಮಾತ್ರಕ್ಕೆ ಹಳೆಯ ಜಾಝ್ ಬೇಸ್ ಅಸಲಿಯಾಗುವುದಿಲ್ಲ

ನ್ಯೂಜೆರ್ಸಿಯಲ್ಲಿರುವ ನಿಮ್ಮ ಅಣ್ಣ ನೋಡಿ ಬಂದಿರುವ 1966ರ ಫೆಂಡರ್ ಜಾಝ್ ಬೇಸ್ ಗಿಟಾರಿನ ಸರಣಿ ಸಂಖ್ಯೆ, ನೆಕ್‌ನ (ತಂತಿಗಳು ಹಾಯುವ ಉದ್ದನೆಯ ಮರದ ಕತ್ತಿನ) ಮೊಹರು, ಪಾಟ್‌ಗಳ (ದನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಗಳ ಕೆಳಗಿನ ಬಿಡಿಭಾಗಗಳ) ಮೇಲಿನ ಸಂಕೇತ ಮೂರೂ ಒಂದೇ ವರ್ಷವನ್ನು ಹೇಳುತ್ತಿವೆ, ಆದ್ದರಿಂದ ಅದನ್ನು ಪೂರ್ತಿ ಅಸಲಿಯೆಂದು ನಂಬಿ ಕೊಂಡು, ಬೆಂಗಳೂರಿಗೆ ತರಿಸಿ, ಕೆಲವು ವರ್ಷ ಇಟ್ಟುಕೊಂಡು ಮಾರಿದರೆ ಲಾಭವಾದೀತೇ ಎಂದು ಕೇಳಿದ್ದೀರಿ. ಇದೇ ವರ್ಷದ ಇದೇ ಮಾದರಿಯ ವಾದ್ಯವನ್ನು, ಇದೇ ಮೂರು ಸಾಕ್ಷ್ಯಗಳನ್ನು ನಂಬಿ, ಇದೇ ಊರಿನ ಕಡೆಯಲ್ಲಿ ನಾನು ಕೊಂಡಿದ್ದೆ. ಅದು ಅಸಲಿಯಾಗಿರಲಿಲ್ಲ. ಅದರಲ್ಲಿದ್ದ ಒಂದೊಂದು ಭಾಗವೂ ಅಸಲಿಯೇ ಆಗಿತ್ತು ಎಂಬುದನ್ನೂ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ತೊಡಕು ಇರುವುದೇ ಅಲ್ಲಿ.

ಮೈಸೂರಿನ ಕಾಲೇಜು ದಿನಗಳಿಂದ ಎರವಲು ಬೇಸ್‌ಗಳನ್ನು ನುಡಿಸಿಕೊಂಡು ಬಂದವನಿಗೆ, ಅಮೆರಿಕದಲ್ಲಿ ಕೆಲಸಕ್ಕೆ ಸೇರಿ ನೆಲೆ ಕಂಡ ಮೇಲೆ, ಒಂದು 60ರ ದಶಕದ ಜಾಝ್ ಬೇಸ್ ನನ್ನದಾಗಬೇಕು ಎಂಬ ಆಸೆ ಬಲವಾಗಿತ್ತು. 1960ರಲ್ಲಿ ಬಂದ ಈ ಮಾದರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದೆ. ಮಾರುವವರು ವಯಸ್ಸಾದ, ಮಾತಿನಲ್ಲಿ ನಯವಾದ ವಾದಕರು. ವಾದ್ಯ ಮೂರು ಬಣ್ಣದ ಸನ್‌ಬರ್ಸ್ಟ್, ಅಂದರೆ ನಡುವಿನ ತಿಳಿ ಬಣ್ಣ ಅಂಚಿಗೆ ಹೋದಂತೆ ಕಪ್ಪಾಗುವ ಬಗೆ. ನೆಕ್ ಮೇಲೆ ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡಿನ ಅಂಚಿಗೆ ಬೈಂಡಿಂಗ್ ಎಂಬ ಬಿಳಿಯ ಪಟ್ಟಿ, ಮೇಲೆ ದುಂಡು ಚುಕ್ಕಿಗಳು. 1965ರ ಕೊನೆಯ ಸುಮಾರಿಗೆ ಬೈಂಡಿಂಗ್ ಬಂದು, 1966ರಲ್ಲಿಯೇ ಚುಕ್ಕಿಗಳ ಬದಲು ಆಯತಾಕಾರದ ಬ್ಲಾಕ್‌ಗಳು ಬಂದದ್ದರಿಂದ, ಬೈಂಡಿಂಗ್ ಮತ್ತು ಚುಕ್ಕಿ ಎರಡೂ ಇರುವ ನೆಕ್ ಅಲ್ಪಕಾಲದ್ದು. ಅದನ್ನು ಕಂಡಾಗಲೇ ನನ್ನ ಅರ್ಧ ಮನಸ್ಸು ಒಪ್ಪಿಬಿಟ್ಟಿತ್ತು.

ಹಿಂಬದಿಯ ಪ್ಲೇಟಿನಲ್ಲಿ ದೊಡ್ಡ ಎಫ್ ಅಕ್ಷರ, ಅದರ ಮೇಲೆ ಆರು ಅಂಕಿಯ ಸಂಖ್ಯೆ; ಪುಸ್ತಕದ ಪ್ರಕಾರ 1966. ಅವರೇ ನೆಕ್ ಬಿಚ್ಚಿ ತೆಗೆದಿದ್ದ ಒಂದು ಫೋಟೊ ತೋರಿಸಿದರು. ನೆಕ್‌ನ ಬುಡದಲ್ಲಿ ರಬ್ಬರ್ ಮೊಹರು: ಮೊದಲಿಗೆ ಜಾಝ್ ಬೇಸ್ ಮಾದರಿಯನ್ನು ಸೂಚಿಸುವ 7, ನಡುವೆ ತಿಂಗಳು ಮತ್ತು ವರ್ಷ, ಕೊನೆಗೆ ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ನಟ್ ಬಳಿಯ ಅಗಲ ಒಂದೂವರೆ ಇಂಚು ಎಂದು ತಿಳಿಸುವ ಎ ಅಕ್ಷರ. ನಂತರ ಗುಂಡಿಗಳಿರುವ ಲೋಹದ ಪಟ್ಟಿಯನ್ನು ಬಿಚ್ಚಿ ಪಾಟ್‌ಗಳನ್ನು ನೋಡಿದೆ. ಮೊದಲ ಮೂರು ಅಂಕಿ 137, ಅಂದರೆ ಪಾಟ್ ತಯಾರಿಸಿದ ಸಿಟಿಎಸ್ ಕಂಪನಿ. ಮುಂದಿನ ಎರಡು 66, ಅಂದರೆ ವರ್ಷ. ಕೊನೆಯ ಎರಡು ವಾರ. ಟೋನ್ ಪಾಟಿನ ಮೇಲಿದ್ದ ಬೆಸುಗೆ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ, ದಶಕಗಳಿಂದ ಯಾರೂ ಮುಟ್ಟಿಲ್ಲವೆಂಬಂತೆ ಕಾಣುತ್ತಿತ್ತು. 6,500 ಡಾಲರ್ ಕೊಟ್ಟು ತಂದೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ. ನಿಮ್ಮ ಅಣ್ಣನೂ ಇದೇ ಜಾಗದಲ್ಲಿ ನಿಂತಿದ್ದಾರೆ. ನಾನು ನೆಕ್ ಬಿಚ್ಚಿಸಲಿಲ್ಲ. ಸೆಟಪ್ ಚೆನ್ನಾಗಿ ಕೂತಿದೆ, ಕದಲಿಸುವುದು ಬೇಡ, ಮೊಹರಿನ ಫೋಟೊ ಇದೆಯಲ್ಲ ಎಂದು ಮಾರುವವರು ಹೇಳಿದರು. ನನಗೆ ಬೇಕಾಗಿದ್ದು ಮೊಹರು ಮಾತ್ರ ಎಂದು ನಾನೂ ತಿಳಿದಿದ್ದೆ. ನೆಕ್ ಬಿಚ್ಚುವುದು ನೆಕ್ ನೋಡುವುದಕ್ಕೆ ಎಂದುಕೊಂಡದ್ದೇ ತಪ್ಪು. ನೆಕ್ ಬಿಚ್ಚುವುದು ಅದು ಕೂರುವ ಗುಳಿಯನ್ನು ನೋಡುವುದಕ್ಕೆ. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿದ್ದ ಫೆಂಡರ್ ಕಾರ್ಖಾನೆಯಲ್ಲಿ ವಾದ್ಯದ ಬಾಡಿಯ ಮೇಲೆ ಬಣ್ಣ ಹೊಡೆಯುವಾಗ ಈ ಗುಳಿಯಲ್ಲಿ ಒಂದು ಕೋಲನ್ನು ಸ್ಕ್ರೂ ಹಾಕಿ ಬಿಗಿದು, ಅದನ್ನೇ ಹಿಡಿಕೆಯಾಗಿ ಬಳಸುತ್ತಿದ್ದರು. ಕೋಲು ಮುಚ್ಚಿದ್ದ ಜಾಗಕ್ಕೆ ಬಣ್ಣ ತಾಗುತ್ತಿರಲಿಲ್ಲ. ಹಾಗಾಗಿ ಬಣ್ಣ ಬದಲಾಗದ ಬಾಡಿಯ ಗುಳಿಯಲ್ಲಿ ಆ ಕೋಲಿನ ಗುರುತು, ಬಣ್ಣವಿಲ್ಲದ ಒಂದು ಪಟ್ಟಿಯಾಗಿ, ಉಳಿದಿರಬೇಕು. ಬಾಡಿಯ ಹೊರಮೈಯನ್ನು ಹಳೆಯದಾಗಿ ಕಾಣಿಸಲು ಕುಶಲಿಗಳು ಎಷ್ಟೋ ಶ್ರಮ ಪಡುತ್ತಾರೆ, ಆದರೆ ಗುಳಿಯ ಒಳಗೆ ಈ ಪಟ್ಟಿಯನ್ನು ಸರಿಯಾಗಿ ಮರುಸೃಷ್ಟಿಸುವವರು ಕಡಿಮೆ. ನೆಕ್‌ನ ಫೋಟೊ ಕೊಟ್ಟವರು ಗುಳಿಯ ಫೋಟೊ ಕೊಟ್ಟಿರಲಿಲ್ಲ. ನಾನು ಕೇಳಲೂ ಇಲ್ಲ. ನಾಲ್ಕು ಸ್ಕ್ರೂ ಬಿಚ್ಚುವುದಕ್ಕೆ ಬೇಕಾದ ಸಮಯವನ್ನು, ಅದೂ ಅಷ್ಟು ಹಣ ಕೊಡುವ ಹೊತ್ತಿನಲ್ಲಿ, ಸಂಕೋಚದಿಂದ ಬಿಟ್ಟುಕೊಟ್ಟೆ. ಹಿರಿಯರ ಮುಂದೆ ಅವರ ವಾದ್ಯವನ್ನು ಬಿಚ್ಚಿ ಎನ್ನುವುದು ಅವರ ಮಾತನ್ನೇ ಶಂಕಿಸಿದಂತೆ ಎಂದು ನನಗೆ ಆಗ ಅನ್ನಿಸಿತ್ತು. ಮಾರುವವರು ಸುಳ್ಳು ಹೇಳಿದರೆಂದು ನಾನು ಈಗಲೂ ಹೇಳಲಾರೆ. ಅವರಿಗೂ ಯಾರೋ ಹಾಗೆಯೇ ಮಾರಿರಬಹುದು.

ಕೆಲವು ವರ್ಷಗಳ ನಂತರ ವಿಮೆಗಾಗಿ ಮೌಲ್ಯ ಬರೆಸಿಕೊಳ್ಳಲು ಒಬ್ಬ ಅನುಭವಿ ರಿಪೇರಿಯವರ ಬಳಿ ಒಯ್ದಾಗ, ಅವರು ಸರಣಿ ಸಂಖ್ಯೆಯತ್ತ ಕಣ್ಣೆತ್ತಿಯೂ ನೋಡದೆ ಮೊದಲು ತಂತಿ ಸಡಿಲಿಸಿ ನೆಕ್ ಬಿಚ್ಚಿದರು. ಗುಳಿಯ ತಳದವರೆಗೂ ಬಣ್ಣ ಸಮನಾಗಿ ಹರಡಿತ್ತು. ಕೋಲಿನ ಗುರುತಿರಲಿಲ್ಲ. ಆಮೇಲೆ ಬಾಡಿಯ ಮುಂಬದಿಯ ಪ್ಲಾಸ್ಟಿಕ್ ಹಲಗೆಯಾದ ಪಿಕ್‌ಗಾರ್ಡ್ ಎತ್ತಿ, ಕೆಲವು ಸ್ಕ್ರೂ ತೂತುಗಳ ಪಕ್ಕದಲ್ಲಿ ಮರದ ಕಡ್ಡಿ ತುಂಬಿ ಮುಚ್ಚಿದ್ದ ಇನ್ನೊಂದು ಸಾಲಿನ ತೂತುಗಳನ್ನು ತೋರಿಸಿದರು. ಈ ತೂತುಗಳು ಒಂದು ವಾದ್ಯದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟಾದರೂ ವ್ಯತ್ಯಾಸವಾಗುತ್ತಿದ್ದವು. ಒಂದರ ಗಾರ್ಡ್ ಇನ್ನೊಂದರ ಮೇಲೆ ನೇರವಾಗಿ ಕೂರುವುದು ಅಪರೂಪ. ಕೊನೆಗೆ ಅವರು ತೋರಿಸಿದ್ದು ಬೆಸುಗೆಯನ್ನು.

ಬೆಸುಗೆಯನ್ನು ನಾನೂ ನೋಡಿದ್ದೆನಲ್ಲ ಎಂದು ನೀವು ಕೇಳಬಹುದು. ನೋಡಿದ್ದೆ, ಆದರೆ ನೋಡಬಾರದ ಕಡೆ ನೋಡಿದ್ದೆ. ಜಾಝ್ ಬೇಸ್‌ನಲ್ಲಿ ಎರಡು ವಾಲ್ಯೂಮ್ ಪಾಟ್, ಒಂದು ಟೋನ್ ಪಾಟ್, ಕೆಪಾಸಿಟರ್, ಜ್ಯಾಕ್ ಎಲ್ಲವೂ ಒಂದೇ ಲೋಹದ ಪಟ್ಟಿಯ ಮೇಲೆ ಕೂತಿರುತ್ತವೆ. ತಂತಿಗಳ ಕಂಪನವನ್ನು ಹಿಡಿಯುವ ಪಿಕಪ್‌ಗಳಿಂದ ಬರುವ ವಿದ್ಯುತ್ ತಂತಿಗಳನ್ನೂ, ವಾದ್ಯದ ತಂತಿಗಳ ಕೆಳತುದಿಯನ್ನು ಹಿಡಿದಿಡುವ ಬ್ರಿಜ್‌ನಿಂದ ಬರುವ ಅರ್ಥ್ ತಂತಿಯನ್ನೂ ಬಿಡಿಸಿದರೆ ಇಡೀ ಪಟ್ಟಿ ಒಂದೇ ತುಂಡಾಗಿ ಹೊರಗೆ ಬರುತ್ತದೆ, ಇನ್ನೊಂದು ವಾದ್ಯದ ಬಾಡಿಯಲ್ಲಿ ಹೋಗಿ ಕೂರುತ್ತದೆ. ಹೀಗೆ ಬಂದ ಪಟ್ಟಿಯಲ್ಲಿ ಪಾಟ್‌ನಿಂದ ಪಾಟ್‌ಗೆ ಹೋಗುವ ಬೆಸುಗೆಗಳೆಲ್ಲ ಅಂದಿನವೇ ಆಗಿರುತ್ತವೆ. ಹೊಸದಾಗಿರುವುದು ಪಿಕಪ್ ಮತ್ತು ಅರ್ಥ್ ತಂತಿಗಳು ಬಂದು ಮುಟ್ಟುವ ಆ ಕೆಲವು ಬಿಂದುಗಳು ಮಾತ್ರ. ನನ್ನ ವಾದ್ಯದಲ್ಲಿ ಆ ಬಿಂದುಗಳ ಬೆಸುಗೆ ಹೊಳೆಯುತ್ತಿತ್ತು, ಬಟ್ಟೆ ಸುತ್ತಿದ ತಂತಿಯ ತುದಿ ಮತ್ತೊಮ್ಮೆ ಕಾಯಿಸಿ ಸುಟ್ಟಂತಿತ್ತು.

ಮಲೆನಾಡಿನ ಬೇರೆ ಬೇರೆ ಮನೆಗಳ ಕಂಬ, ಬಾಗಿಲುಗಳನ್ನು ತಂದು ಬೆಂಗಳೂರಿನಲ್ಲಿ ಕಟ್ಟಿಸಿದ ತೊಟ್ಟಿಮನೆಯನ್ನು ನೀವು ನೋಡಿರಬಹುದು. ಒಂದೊಂದು ಕಂಬಕ್ಕೂ ನೂರು ವರ್ಷ, ಮನೆಗಲ್ಲ. ನನ್ನ ಬೇಸ್ ಅಂಥದ್ದಾಗಿತ್ತು. ನೆಕ್ ಒಂದರದು, ಪಾಟ್‌ಗಳ ಪಟ್ಟಿ ಇನ್ನೊಂದರದು, ಬಾಡಿ ಮತ್ತೊಂದರದು, ಅದಕ್ಕೂ ಬಣ್ಣ ಮರಳಿ ಹೊಡೆದದ್ದು. ಮೊಹರು, ಸಂಕೇತ, ಸಂಖ್ಯೆಗಳು ಭಾಗಗಳ ವಯಸ್ಸನ್ನು ಹೇಳುತ್ತವೆ, ಆ ಭಾಗಗಳು ಒಟ್ಟಿಗೆ ಬಾಳಿವೆಯೇ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಒಂದು ಭಾಗ ಇನ್ನೊಂದನ್ನು ಮುಟ್ಟುವ ಜಾಗಗಳು ಮಾತ್ರ: ಗುಳಿ, ಸ್ಕ್ರೂ ತೂತು, ಪಿಕಪ್ ತಂತಿಯ ಬೆಸುಗೆ, ಗಾರ್ಡಿನ ಕೆಳಗೆ ಬೆಳಕು ಬೀಳದೆ ಗಾಢವಾಗಿ ಉಳಿದ ಬಣ್ಣದ ನೆರಳು.

ಇನ್ನು ನಿಮ್ಮ ಮೂರು ಸಾಕ್ಷ್ಯಗಳು. ಸರಣಿ ಸಂಖ್ಯೆಯ ಪ್ಲೇಟ್ ನಾಲ್ಕು ಸ್ಕ್ರೂಗಳಲ್ಲಿ ನಿಂತಿರುವ ಬಿಡಿ ತುಂಡು, ಅದನ್ನು ಯಾರು ಬೇಕಾದರೂ ಬದಲಿಸಬಹುದು. ಕಾರ್ಖಾನೆಯಲ್ಲಿಯೂ ಪ್ಲೇಟ್‌ಗಳನ್ನು ಸಂಖ್ಯೆಯ ಕ್ರಮ ನೋಡಿ ಹಾಕುತ್ತಿರಲಿಲ್ಲ. ನೆಕ್‌ನ ಮೊಹರು ನೆಕ್ ಸಿದ್ಧವಾದ ಕಾಲವನ್ನಷ್ಟೇ ಹೇಳುತ್ತದೆ. ಮೂರರಲ್ಲಿ ಅತಿ ದುರ್ಬಲವಾದದ್ದು ನೀವು ಹೆಚ್ಚು ನೆಚ್ಚಿರುವ ಪಾಟ್ ಸಂಕೇತ. 1965ರ ಆರಂಭದಲ್ಲಿ ಸಿಬಿಎಸ್ ಸಂಸ್ಥೆ ಫೆಂಡರನ್ನು 1.3 ಕೋಟಿ ಡಾಲರ್‌ಗೆ ಕೊಂಡಿತು. ಅದಾದ ಮೇಲೆ 1966ರಲ್ಲಿ ಪಾಟ್‌ಗಳ ಭಾರಿ ದಾಸ್ತಾನು ಬಂದು, ಆ ದಶಕದ ಕೊನೆಯವರೆಗೂ ಬಳಕೆಯಾಯಿತು. 1966ರ ಪಾಟ್ ಇರುವ 1968ರ ವಾದ್ಯ, 1969ರ ವಾದ್ಯ ಯಾವ ಕೈವಾಡವೂ ಇಲ್ಲದೆ ಸಿಗುತ್ತದೆ. ಪಾಟ್‌ನ ವರ್ಷ ಆ ವಾದ್ಯ ಅದಕ್ಕಿಂತ ಹಳೆಯದಲ್ಲ ಎಂದು ಹೇಳಬಲ್ಲದು, ಅದೇ ವರ್ಷದ್ದು ಎಂದು ಹೇಳಲಾರದು. ನಿಮ್ಮ ಅಣ್ಣ ನೋಡಿದ ವಾದ್ಯದಲ್ಲಿ 66 ಎಂದಿರುವುದು ನನಗೆ ಸಮಾಧಾನ ತರುವ ವಿಷಯವೇನಲ್ಲ.

ನೇರಳಾತೀತ ದೀಪದ ಬಗ್ಗೆಯೂ ಕೇಳಿದ್ದೀರಿ. ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಆ ಬೆಳಕಿನಲ್ಲಿ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ, ಇತ್ತೀಚೆಗೆ ತೇಪೆ ಹಚ್ಚಿದ ಜಾಗ ಕಪ್ಪಾಗಿ ಕಾಣುತ್ತದೆ. ಆದರೆ ದಶಕಗಳ ಹಿಂದೆಯೇ ಅದೇ ಲ್ಯಾಕರ್‌ನಲ್ಲಿ ಪೂರ್ತಿ ಬಣ್ಣ ಹೊಡೆಸಿದ್ದರೆ ಅದೂ ಹೊಳೆಯುತ್ತದೆ. ನನ್ನದು ಹೊಳೆದಿತ್ತು. ದೀಪ ಕೊಳ್ಳುವುದಾದರೆ ಕೊಳ್ಳಿ, ಅದನ್ನು ಮಾತ್ರ ನಂಬಬೇಡಿ.

ಬೆಲೆಯ ಮಾತು. ಬಣ್ಣ ಮರಳಿ ಹೊಡೆಸಿದ ವಾದ್ಯದ ಬೆಲೆ ಅಸಲಿ ಬಣ್ಣದ್ದರ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ವ್ಯಾಪಾರದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ನನ್ನದಕ್ಕೆ ಬಿಡಿಭಾಗಗಳ ಜೋಡಣೆಯ ಕಳಂಕವೂ ಸೇರಿದ್ದರಿಂದ ಅರ್ಧಕ್ಕಿಂತಲೂ ಕೆಳಗೆ ಬರೆದುಕೊಟ್ಟರು. ಫಿಂಗರ್‌ಬೋರ್ಡಿನ ಮೇಲಿನ ಲೋಹದ ಗೆರೆಗಳಾದ ಫ್ರೆಟ್‌ಗಳನ್ನು ಬದಲಿಸಿದ್ದರೆ ಹೆಚ್ಚು ನಷ್ಟವಿಲ್ಲ. ನುಡಿಸುವವರಿದ್ದ ವಾದ್ಯದಲ್ಲಿ ಫ್ರೆಟ್ ಸವೆಯದೆ ಇರುತ್ತದೆಯೇ? ಪಿಕಪ್‌ಗೆ ಹೊಸ ತಂತಿ ಸುತ್ತಿಸಿದ್ದರೆ ನಷ್ಟ ಗಣನೀಯ. ಬ್ರಿಜ್ ಮತ್ತು ಪಿಕಪ್ ಮುಚ್ಚುವ ಕ್ರೋಮ್ ಕವಚಗಳು, ಅಂದಿನ ಪೆಟ್ಟಿಗೆ ಉಳಿದಿದ್ದರೆ ಬೆಲೆಗೆ ಸೇರುತ್ತವೆ. ಲೇಕ್ ಪ್ಲಾಸಿಡ್ ಬ್ಲೂ, ಕ್ಯಾಂಡಿ ಆಪಲ್ ರೆಡ್ ಮೊದಲಾದ ವಿಶೇಷ ಬಣ್ಣಗಳಿಗೆ ಅಂದು 5 ಪ್ರತಿಶತ ಹೆಚ್ಚು ತೆಗೆದುಕೊಳ್ಳುತ್ತಿದ್ದರು, ಇಂದು ಅವುಗಳಿಗೆ ಸನ್‌ಬರ್ಸ್ಟ್‌ಗಿಂತ ಬಹಳ ಹೆಚ್ಚು ಬೆಲೆ. ಮೋಸ ಹೆಚ್ಚಾಗಿರುವುದೂ ಆ ಬಣ್ಣಗಳಲ್ಲಿಯೇ. ಈ ಲೆಕ್ಕವೆಲ್ಲ ಅನ್ವಯಿಸದ ವಾದ್ಯಗಳೂ ಇವೆ: ಅಮೆರಿಕದ ಹೆಸರಾಂತ ಬೇಸ್ ವಾದಕ ಜೇಕೊ ಪಾಸ್ಟೋರಿಯಸ್ ಫ್ರೆಟ್‌ಗಳಿಲ್ಲದ ತನ್ನ 1962ರ ಜಾಝ್ ಬೇಸ್‌ನ ಫಿಂಗರ್‌ಬೋರ್ಡಿಗೆ ಎಪಾಕ್ಸಿ ಬಳಿದಿದ್ದರು, ಅದು ಚೂರಾಗಿ ಮತ್ತೆ ಕೂಡಿಸಲ್ಪಟ್ಟಿತ್ತು, 1986ರಲ್ಲಿ ಕಳುವಾಗಿ ಎಷ್ಟೋ ವರ್ಷಗಳ ನಂತರ ಪತ್ತೆಯಾಯಿತು. ಅದರ ಬೆಲೆ ಅದನ್ನು ನುಡಿಸಿದ ಕೈಯಿಂದ ಬಂದದ್ದು. ನಿಮ್ಮ ಮುಂದಿರುವ ವಾದ್ಯಕ್ಕೆ ಅಂಥ ಹಿನ್ನೆಲೆಯಿದೆ ಎಂದು ಯಾರಾದರೂ ಹೇಳಿದರೆ ದಾಖಲೆ ಕೇಳಿ.

ಲಾಭಕ್ಕಾಗಿ ಕೊಳ್ಳಬೇಕೆಂಬ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಗುಳಿಯಲ್ಲಿ ಏನಿರಬೇಕೆಂದು ಗೊತ್ತಿಲ್ಲದೆ ಹಳೆಯ ಬೇಸ್‌ನಲ್ಲಿ ಹಣ ಹೂಡುವವರು, ಗೊತ್ತಿರುವವರ ಲಾಭಕ್ಕೆ ಹಣ ಕೊಡುತ್ತಿರುತ್ತಾರೆ. ನೀವು ನುಡಿಸುವವರು ಎಂದು ಬರೆದಿದ್ದೀರಿ. ಹಾಗಿದ್ದರೆ ಬಣ್ಣ ಮರಳಿ ಹೊಡೆಸಿದ್ದೇವೆ ಎಂದು ಮಾರುವವರೇ ಒಪ್ಪಿಕೊಳ್ಳುವ, ನೆಕ್ ಮತ್ತು ಪಿಕಪ್ ಚೆನ್ನಾಗಿರುವ 60ರ ದಶಕದ ವಾದ್ಯವನ್ನು ಅರ್ಧ ಬೆಲೆಗೆ ಹುಡುಕಿ. ನನ್ನದನ್ನು ನಾನು ಮಾರಿಲ್ಲ. ಅದರ ನೆಕ್ ಇಂದಿಗೂ ನನ್ನ ಕೈಗೆ ಹೊಂದಿದ ನೆಕ್, ಅದರ ದನಿ ನಾನು ಬಯಸಿದ್ದ ದನಿ. ಅದಕ್ಕೆ ನಾನು ಕೊಡಬೇಕಾಗಿದ್ದ ಬೆಲೆ ಬೇರೆ, ಅಷ್ಟೇ.

ಬೆಂಗಳೂರಿಗೆ ತರಿಸುವ ಮುನ್ನ ಫಿಂಗರ್‌ಬೋರ್ಡಿನ ಮರವನ್ನು ವಿಚಾರಿಸಿ. 60ರ ದಶಕದ ನಡುಭಾಗದವರೆಗೆ ಫೆಂಡರ್‌ನವರು ಬಳಸಿದ್ದು ಬ್ರೆಜಿಲ್‌ನ ರೋಸ್‌ವುಡ್. ಆಮೇಲೆ ನಮ್ಮ ಕಾಡುಗಳ ಬೀಟೆ ಬಂತು. 1966 ಈ ಎರಡರ ಗಡಿಯಲ್ಲಿದೆ, ಬರಿಗಣ್ಣಿನಲ್ಲಿ ಎರಡನ್ನೂ ಖಚಿತವಾಗಿ ಬೇರ್ಪಡಿಸುವುದು ಕಷ್ಟ. ಬ್ರೆಜಿಲ್‌ನ ಮರ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ಸಿಕ್ಕಿದ ರಿಯಾಯಿತಿ ಬೀಟೆಯಂಥ ಮರಗಳಿಗೆ ಅನ್ವಯಿಸುತ್ತದೆ, ಇದಕ್ಕಲ್ಲ. ಒಪ್ಪಂದಕ್ಕೂ ಹಿಂದಿನದು ಎಂಬ ಪ್ರಮಾಣಪತ್ರವಿಲ್ಲದೆ ಮಾರಾಟದ ವಸ್ತುವಾಗಿ ಗಡಿ ದಾಟಿಸಲು ಹೋದರೆ ಕಸ್ಟಮ್ಸ್‌ನವರು ವಶಪಡಿಸಿಕೊಳ್ಳಬಹುದು.

ಈ ವಾರ ನಿಮ್ಮ ಅಣ್ಣ ಮತ್ತೆ ಹೋಗುವುದಾದರೆ ಒಂದೇ ಕೆಲಸ ಮಾಡಿಸಿ. ನೆಕ್ ಬಿಚ್ಚಿ ಗುಳಿಯ ಫೋಟೊ, ಗಾರ್ಡ್ ಎತ್ತಿ ತೂತುಗಳ ಫೋಟೊ, ಪಿಕಪ್ ತಂತಿಗಳು ವಾಲ್ಯೂಮ್ ಪಾಟ್ ಸೇರುವ ಬೆಸುಗೆಯ ಫೋಟೊ ತೆಗೆಯಲಿ. ತಂತಿ ಸಡಿಲಿಸಿ ಬಿಚ್ಚುವ ಕೆಲಸವನ್ನು ಮಾರುವವರೇ ಮಾಡಲಿ, ಅಥವಾ ಅವರ ಒಪ್ಪಿಗೆಯಿಂದ ಒಬ್ಬ ರಿಪೇರಿಯವರು ಮಾಡಲಿ, ಅದರ ಖರ್ಚು ನಿಮ್ಮದಿರಲಿ. ಅವರು ಒಪ್ಪದಿದ್ದರೆ ಆ ವಾದ್ಯಕ್ಕೆ ಬಣ್ಣ ಮರಳಿ ಹೊಡೆದ ವಾದ್ಯದ ಬೆಲೆಯನ್ನಷ್ಟೇ ಹೇಳಿ, ಅದಕ್ಕಿಂತ ಒಂದು ಡಾಲರನ್ನೂ ಏರಿಸಬೇಡಿ.