ಎಲ್ಲರಿಗೂ ಬಡಿಸುವವರು ಊಟಕ್ಕೆ ಕೂರುವುದು ಯಾವಾಗ?

ಇದು ದಾವಣಗೆರೆಯ ಒಬ್ಬ ಹೆಣ್ಣುಮಗಳ ಪ್ರಕರಣ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರಿಗೆ 47 ವರ್ಷ. ಮನೆಯಲ್ಲೇ ಹೊಲಿಗೆ ಕೆಲಸ. ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿರುವುದಿಲ್ಲ. ಒಬ್ಬಳೇ ಮಗಳು, ಎಸ್ಸೆಸ್ಸೆಲ್ಸಿ. ಸುಮಾರು ಮೂವತ್ತೈದು ಮನೆಗಳ ಒಂದು ಚಿಕ್ಕ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯಲ್ಲಿ ಇವರು ಸ್ತ್ರೀಯರ ಅನ್ಯೋನ್ಯ ಕೂಟದ ಕಾರ್ಯದರ್ಶಿ. ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು 2025ರ ಲೆಂಟ್, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು, ಅರ್ಧ ಕಳೆದ ಮೇಲೆ.

ಕೂತ ತಕ್ಷಣ ಹೇಳಿದ ಮಾತು ಇದು: "ಮೇಡಂ, ದೇವರ ಕೆಲಸ ಮಾಡ್ತಾ ಮಾಡ್ತಾ ನನಗೆ ಜನರನ್ನ ಕಂಡ್ರೆ ಸಿಟ್ಟು ಬರೋಕೆ ಶುರುವಾಗಿದೆ. ನಾನು ಕೆಟ್ಟವಳಾಗ್ತಿದ್ದೀನಿ."

ನಡೆದದ್ದು ಹೀಗೆ. ಲೆಂಟ್ ದಿನಗಳಲ್ಲಿ ಅವರ ಗುಡಿಯಲ್ಲಿ (ಚರ್ಚಿನಲ್ಲಿ) ಆರಾಧನೆಯ ಆಲ್ಟರ್ ಮೇಜಿನ ಮೇಲೆ ಹೂ ಇಡುವುದಿಲ್ಲ, ನೇರಳೆ ಬಟ್ಟೆ ಹಾಸುತ್ತಾರೆ. ಆ ಬಟ್ಟೆಯನ್ನು ಹೊಲಿದವರು ಇವರೇ. ಪ್ರತಿ ವರ್ಷ ಒಗೆದು ಇಸ್ತ್ರಿ ಮಾಡಿ ಹಾಸುವವರೂ ಇವರೇ. ಈ ಸಲ, ಬ್ಯಾಂಕಿನ ಕೆಲಸಕ್ಕೆ ವರ್ಗವಾಗಿ ಬಂದ ಕುಟುಂಬದ ಒಬ್ಬ ಯುವತಿ ಬೆಂಗಳೂರಿನಿಂದ ಹೊಸ ರೇಷ್ಮೆ ಬಟ್ಟೆ ತಂದು, ಯಾರನ್ನೂ ಕೇಳದೆ ಹಾಸಿಬಿಟ್ಟಳು. ಇವರು ಎಲ್ಲರ ಮುಂದೆ ಅವಳ ಮೇಲೆ ಕೂಗಾಡಿದರು. ಆ ಹುಡುಗಿ ಅತ್ತಳು. ಮುಂದಿನ ಭಾನುವಾರ ಇವರು ಆರಾಧನೆಗೆ ಹೋಗಲಿಲ್ಲ. ಮದುವೆಯಾದ ಮೇಲೆ ಹೀಗೆ ತಪ್ಪಿಸಿದ್ದು ಅದೇ ಮೊದಲು. ಯಾರಾದರೂ ಬಂದು ವಿಚಾರಿಸುತ್ತಾರೆ ಅಂತ ಕಾದರು. ಯಾರೂ ಬರಲಿಲ್ಲ.

ಬಟ್ಟೆಯ ಜಗಳಕ್ಕೆ ಯಾರೂ ಆಪ್ತಸಲಹೆಗೆ ಬರುವುದಿಲ್ಲ, ಅಲ್ವಾ? ಅದರ ಕೆಳಗೆ ಏನಿದೆ ಅಂತ ನೋಡಬೇಕಿತ್ತು.

ಲೆಂಟ್ ಪರಿಚಯ ಇಲ್ಲದವರಿಗೆ ಎರಡು ಮಾತು. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಲೆಂಟ್. ಆ ವರ್ಷ ಮಾರ್ಚ್ 5ಕ್ಕೆ ಶುರುವಾಗಿ, ಏಪ್ರಿಲ್ 20ರಂದು ಈಸ್ಟರ್ ಬಂತು. ಯೇಸು ಅಡವಿಯಲ್ಲಿ ಉಪವಾಸವಿದ್ದ ನಲವತ್ತು ದಿನಗಳ ನೆನಪಿಗೆ ಉಪವಾಸ, ಪ್ರಾರ್ಥನೆ, ದಾನ ನಡೆಯುತ್ತವೆ. ಕ್ಯಾಲೆಂಡರ್ ಹಿಡಿದು ಎಣಿಸಿದರೆ ನಲವತ್ತಲ್ಲ, ನಲವತ್ತಾರು ದಿನ ಸಿಗುತ್ತದೆ. ನಡುವಿನ ಆರು ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಭಾನುವಾರ ಅಂದರೆ ಪುನರುತ್ಥಾನದ ದಿನ, ಅವತ್ತು ಉಪವಾಸವಿಲ್ಲ. ಈ ಲೆಕ್ಕ ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂತು.

ಲೆಂಟ್ ದಿನಗಳಲ್ಲಿ ಏನೇನು ಮಾಡುತ್ತೀರಿ ಅಂತ ಬರೆದು ತರಲು ಹೇಳಿದೆ. ನೋಟ್‌ಬುಕ್ಕಿನ ಎರಡು ಪುಟ ತುಂಬಿತ್ತು. ಪ್ರತಿ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಯಾರ ಮನೆ ಯಾವತ್ತು ಅಂತ ಫೋನ್ ಮಾಡುವುದು, ಹಾಡಿನ ಪುಸ್ತಕ ಹೊರುವುದು, ಚಾಪೆ ಸಾಲದಿದ್ದರೆ ತಮ್ಮ ಮನೆಯಿಂದ ಒಯ್ಯುವುದು. ಮನೆಮನೆಯ ಹಿಡಿ ಅಕ್ಕಿ ಕಾಣಿಕೆ ಕೂಡಿಸಿ ತೂಗಿ, ಶನಿವಾರ ಚಿತ್ರಾನ್ನ ಮಾಡಿ, ಜಿಲ್ಲಾಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ಹಂಚುವುದು. ಗುಡಿಯ ಭಾನುವಾರ ಶಾಲೆಯ (ಸಂಡೇ ಸ್ಕೂಲ್) ಮಕ್ಕಳಿಗೆ ಈಸ್ಟರ್ ಹಿಂದಿನ ಗರಿಗಳ ಭಾನುವಾರದ ಹಾಡು ಕಲಿಸುವುದು. ಶುಭ ಶುಕ್ರವಾರ (ಗುಡ್ ಫ್ರೈಡೇ) ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಆರಾಧನೆಯಲ್ಲಿ ಯೇಸು ಶಿಲುಬೆಯಲ್ಲಿ ಆಡಿದ ಏಳು ಮಾತುಗಳ ಮೇಲೆ ಮಾತಾಡಲು ಏಳು ಜನರನ್ನು ಹಿಡಿಯುವುದು. ಆಮೇಲೆ ಎಲ್ಲರಿಗೂ ಮಜ್ಜಿಗೆ. ಗುಡಿಯ ಬೀಗದ ಕೈ ಕೂಡ ಇವರ ಹತ್ತಿರವೇ. ಪಾಸ್ಟರ್ ಅಯ್ಯನವರಿಗೆ ಸುತ್ತಲಿನ ಹಳ್ಳಿಗಳ ಸಭೆಗಳೂ ಇವೆ. ಹಾಗಾಗಿ ಇಲ್ಲಿ ಏನೇ ಆದರೂ "ಅಕ್ಕನಿಗೆ ಹೇಳಿ" ಅನ್ನುವುದು ರೂಢಿಯಾಗಿತ್ತು.

ಇದೆಲ್ಲದರ ಮೇಲೆ ಹಗಲು ಹೊತ್ತು ಪೂರ್ತಿ ಉಪವಾಸ. ಭಾನುವಾರವೂ ಬಿಡದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ದಿನಾ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ.

ಇಲ್ಲಿ ನಾನು ಮಾತು ನಿಲ್ಲಿಸಿ, ಮೊದಲು ಡಾಕ್ಟರ ಹತ್ತಿರ ಹೋಗಿ ಅಂದೆ. ಆ ಮಾತ್ರೆ ದೇಹದಲ್ಲಿ ಇನ್ಸುಲಿನ್ ಹೆಚ್ಚು ಬಿಡುಗಡೆಯಾಗುವಂತೆ ಮಾಡುತ್ತದೆ. ಮಾತ್ರೆ ತಗೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಆಗ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸುಮ್ ಸುಮ್ನೆ ಸಿಟ್ಟು ಬರುತ್ತದೆ. ಅವರು ಪಾಪ ಅಂತ ಅಳುತ್ತಿದ್ದ ಸಿಟ್ಟಿನಲ್ಲಿ ಒಂದು ಪಾಲು ಇದೇ ಇರಬಹುದಿತ್ತು. ಡಾಕ್ಟರು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಕೂಡ ನೋಡಿಸಿದರು. ರಕ್ತ ಕಡಿಮೆ ಇತ್ತು. ಉಪವಾಸ ನಿಲ್ಲಿಸಲು ಹೇಳಿದರು. "ಡಾಕ್ಟರಿಗೆ ನಂಬಿಕೆ ಇಲ್ಲ" ಅಂತ ಇವರು ಗೊಣಗಿದರು. ನಾನು ಅಯ್ಯನವರನ್ನೇ ಕೇಳಿ ಅಂದೆ. ಅಯ್ಯನವರು ಎರಡು ಮಾತಿಲ್ಲದೆ ಡಾಕ್ಟರ ಪರ ನಿಂತರು. ಹಸಿದವರಿಗೆ ರೊಟ್ಟಿ ಹಂಚುವುದೇ ದೇವರು ಮೆಚ್ಚುವ ಉಪವಾಸ ಎಂಬ ಬೈಬಲ್ಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯ ತೋರಿಸಿದರು. ಕಾಯಿಲೆ ಇರುವವರ ಉಪವಾಸದ ಬಗ್ಗೆ ಪ್ರತಿ ಸಭೆಯಲ್ಲೂ ಮೊದಲ ಭಾನುವಾರವೇ ಹೀಗೆ ಬಾಯಿಬಿಟ್ಟು ಹೇಳಬೇಕು. ಇದನ್ನು ನಾನು ಎಲ್ಲ ಧರ್ಮದವರಿಗೂ ಹೇಳುತ್ತೇನೆ.

ಖಿನ್ನತೆ ಇದೆಯಾ ಅಂತಲೂ ನೋಡಿದೆ. ಸಾಯುವ ಯೋಚನೆ ಬರುತ್ತದೆಯಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ತಪ್ಪು. ಇಲ್ಲ ಅಂದರು. ಆದರೂ ಮನೆಯವರ ಹತ್ತಿರ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ.

ಇದು ಬರ್ನ್‌ಔಟ್. ಅಂದರೆ ದುಡಿದು ದುಡಿದು ಮನಸ್ಸು, ದೇಹ ಎರಡೂ ಬಸವಳಿದು ಹೋಗುವುದು. ಇದು ಬರೀ ಆಫೀಸಿನವರ ಕಾಯಿಲೆ ಅಂತ ಜನ ಅಂದುಕೊಂಡಿದ್ದಾರೆ. ಆದರೆ 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದರ ಬಗ್ಗೆ ಬರೆದದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಕಂಡದ್ದನ್ನು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಜನ ಸ್ವಯಂಸೇವಕರು. ಹೆಚ್ಚು ಮನಸ್ಸಿಟ್ಟು ದುಡಿಯುವವರೇ ಹೆಚ್ಚಾಗಿ ಸೋಲುತ್ತಾರೆ ಅಂತ ಅವರು ಗಮನಿಸಿದ್ದರು. ಸಂಬಳ ಇಲ್ಲದ ಕೆಲಸಕ್ಕೆ ರಜೆಯೂ ಇಲ್ಲ. ನಿವೃತ್ತಿಯ ವಯಸ್ಸೂ ಇಲ್ಲ.

ಆದರೆ ಕೆಲಸ ಜಾಸ್ತಿ ಅನ್ನುವುದಷ್ಟೇ ಕಾರಣ ಅಂತ ನನಗೆ ಅನಿಸಲಿಲ್ಲ. ಒಂದು ಪ್ರಶ್ನೆ ಕೇಳಿದೆ. "ನಿಮಗೆ ಹುಷಾರಿಲ್ಲದಾಗ ಸಭೆಯವರು ಯಾರು ಬರ್ತಾರೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಯಾರಿಗೂ ಹೇಳಲ್ಲ" ಅಂದರು. ಡೆಂಗ್ಯೂ ಬಂದಾಗಲೂ ಹೇಳಿರಲಿಲ್ಲ. ಒಬ್ಬರು ಗಂಜಿ ತಂದಾಗ, "ಯಾಕೆ ತೊಂದ್ರೆ ತಗೊಂಡ್ರಿ" ಅಂತ ಪಾತ್ರೆ ಬದಲಿಸಿ, ಅದರಲ್ಲಿ ಸಕ್ಕರೆ ತುಂಬಿ ವಾಪಸ್ ಕೊಟ್ಟಿದ್ದರು. ಯಾರ ಋಣವನ್ನೂ ಉಳಿಸಿಕೊಳ್ಳದೆ ಬದುಕಿದವರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು, ಚಿಕ್ಕಮ್ಮನ ಮನೆಯಲ್ಲಿ ಬೆಳೆದಿದ್ದರು. ಕೆಲಸ ಮಾಡಿದರೆ ಮಾತ್ರ ತಟ್ಟೆಗೆ ಅನ್ನ ಎಂಬುದು ಅಲ್ಲಿ ಮೈಗೆ ಹತ್ತಿತ್ತು. ಹೊಸ ಬಟ್ಟೆ ನೋಡಿದಾಗ ಅವರ ಮನಸ್ಸಿನಲ್ಲಿ ಎದ್ದದ್ದು ಆ ಹಳೇ ಹೆದರಿಕೆ: ನನ್ನ ಕೆಲಸ ಬೇಡ ಅಂದರೆ ನಾನೂ ಬೇಡ.

ಈಸ್ಟರ್ ಹಿಂದಿನ ಪವಿತ್ರ ಗುರುವಾರ ಅವರ ಸಭೆಯಲ್ಲಿ ಅಯ್ಯನವರು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ನೀರಿನ ಬೋಗುಣಿ, ಟವೆಲ್ ಹಿಡಿದು ಪಕ್ಕದಲ್ಲಿ ನಿಲ್ಲುವವರು ಇವರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಕುರ್ಚಿಯಲ್ಲಿ ಕೂತಿಲ್ಲ. ನಾನು ಕ್ರೈಸ್ತಳಲ್ಲ. ಆದರೂ ಆ ಕಥೆ ಓದಿದ್ದೆ. ಬೈಬಲ್ಲಿನ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರ, ನನ್ನ ಪಾದ ತೊಳೆಯಲೇಕೂಡದು ಅನ್ನುತ್ತಾನೆ. ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂತ ಯೇಸು ಉತ್ತರಿಸುತ್ತಾನೆ. "ಪೇತ್ರನಿಗೆ ಯಾಕೆ ಅಷ್ಟು ಕಷ್ಟ ಆಯ್ತು?" ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಅತ್ತರು. ಅವತ್ತಿನಿಂದ ನಮ್ಮ ಕೆಲಸ ಸಲೀಸಾಯಿತು.

ಅವರ ಅಣ್ಣ, ಸಭೆಯ ಜವಾಬ್ದಾರಿ ಎಲ್ಲ ಬಿಟ್ಟುಬಿಡು ಅಂದಿದ್ದರು. ನಾನು ಅದಕ್ಕೆ ಒಪ್ಪಲಿಲ್ಲ. ಮೂವತ್ತೈದು ಮನೆಗಳ ಸಭೆ ಅಂದರೆ ಅವರಿಗೆ ಬಂಧು ಬಳಗ. ಗಂಡ ಊರಲ್ಲಿಲ್ಲದ ಮನೆಗೆ ಅದೇ ಆಸರೆ. ಸಿಟ್ಟಿನಲ್ಲಿ ಹೊರಗೆ ಬಂದರೆ ದಣಿವು ಕಳೆಯಬಹುದು, ಒಂಟಿತನ ಕಳೆಯುವುದಿಲ್ಲ.

ಆ ಎರಡು ಪುಟಗಳನ್ನೇ ಮುಂದಿಟ್ಟುಕೊಂಡು ಕೂತೆವು. ಅವರೊಬ್ಬರೇ ಮಾಡಬೇಕಾದ ಕೆಲಸ ಯಾವುದು, ಬೇರೆಯವರು ಸ್ವಲ್ಪ ಕೆಟ್ಟದಾಗಿ ಆದರೂ ಮಾಡಬಹುದಾದದ್ದು ಯಾವುದು, ಯಾರೂ ಮಾಡದಿದ್ದರೂ ನಡೆಯುವುದು ಯಾವುದು. ಮೊದಲ ಗುಂಪಿನಲ್ಲಿ ಉಳಿದದ್ದು ಅಕ್ಕಿ ಕಾಣಿಕೆಯ ಲೆಕ್ಕ ಮತ್ತು ಮಕ್ಕಳ ಹಾಡು. ಬೀಗದ ಕೈ ಯುವಜನ ಕೂಟದ ಒಬ್ಬನಿಗೆ ಹೋಯಿತು. ಫೋನ್ ಮಾಡುವ ಕೆಲಸ ಆ ಬ್ಯಾಂಕಿನ ಕುಟುಂಬಕ್ಕೆ. ಇಲ್ಲಿ ಒಂದು ನಿಯಮ ಹಾಕಿದೆ: ಕೊಟ್ಟ ಕೆಲಸವನ್ನು ಹೋಗಿ ಪರೀಕ್ಷೆ ಮಾಡಬಾರದು. ಚಿತ್ರಾನ್ನಕ್ಕೆ ಉಪ್ಪು ಕಡಿಮೆ ಆದರೆ ಆಗಲಿ. ಇದು ಅವರಿಗೆ ಉಪವಾಸ ಬಿಡುವುದಕ್ಕಿಂತ ಕಷ್ಟವಾಯಿತು.

ಭಾನುವಾರ ಮಧ್ಯಾಹ್ನದ ನಂತರ ಸಭೆಯ ಯಾವ ಕೆಲಸವೂ ಬೇಡ ಅಂದೆ. ಲೆಂಟ್ ಲೆಕ್ಕವೇ ಭಾನುವಾರಗಳನ್ನು ಬಿಡುಗಡೆ ಮಾಡಿದೆ, ನೀವು ಯಾಕೆ ಹಿಡಿದುಕೊಂಡಿದ್ದೀರಿ ಅಂದಾಗ ಮೊದಲ ಸಲ ನಕ್ಕರು.

ಮಗಳ ಪರೀಕ್ಷೆ ಮುಗಿಯುವವರೆಗೆ ಸಂಜೆ ಪ್ರಾರ್ಥನೆಗೆ ಹೋಗದೆ ಮನೆಯಲ್ಲಿರಲು ಹೇಳಿದೆ. ಪಾಠ ಹೇಳಿಕೊಡಬೇಕಿಲ್ಲ, ಮಷಿನ್ ಮುಂದೆ ಕೂತು ಹೊಲಿಯುತ್ತಿದ್ದರೆ ಸಾಕು. "ಅಮ್ಮ ಎಲ್ಲರಿಗೂ ಆಂಟಿ, ನನಗೆ ಮಾತ್ರ ಬರೀ ಬೈಗುಳ" ಅಂತ ಆ ಹುಡುಗಿ ಒಮ್ಮೆ ಹೇಳಿದ್ದಳಂತೆ. ಅದನ್ನು ನನ್ನ ಹತ್ತಿರ ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಆ ಯುವತಿಯ ಕ್ಷಮೆ ಕೇಳುವಾಗ ಕಾರಣ ಹೇಳಬೇಡಿ ಅಂದೆ. "ನಾನು ಹಾಗೆ ಕೂಗಬಾರದಿತ್ತು" ಎಂಬಲ್ಲಿಗೆ ನಿಲ್ಲಿಸಿ. "ಆದರೆ ನೀನೂ ಕೇಳಬೇಕಿತ್ತು" ಅಂತ ಸೇರಿಸಿದರೆ ಅದು ಕ್ಷಮೆ ಆಗುವುದಿಲ್ಲ. ಹೋದರು, ಹಾಗೇ ಹೇಳಿದರು. ಆ ಬಟ್ಟೆ ಯಾರು ಹೊಲಿದದ್ದು ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಕೊನೆಯ ಸಲಹೆ ಆ ಕುರ್ಚಿ. ಈ ಗುರುವಾರ ಬೋಗುಣಿ ಬೇರೆಯವರ ಕೈಗೆ ಕೊಟ್ಟು ಕೂತುಕೊಳ್ಳಿ ಅಂದೆ. ಬಲವಂತ ಮಾಡಲಿಲ್ಲ. ಏಪ್ರಿಲ್ 17ರಂದು ಕೂತರು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದೆ, ಕಾಲು ಹಿಂದಕ್ಕೆ ಎಳೆದುಕೊಂಡುಬಿಡಬೇಕು ಅನಿಸಿತ್ತು ಅಂತ ಆಮೇಲೆ ಹೇಳಿದರು.

ಅವರ ಅನುಮತಿ ಪಡೆದು ಅಯ್ಯನವರ ಜೊತೆಗೂ ಮಾತಾಡಿದೆ. ಚಿಕ್ಕ ಸಭೆಗಳಲ್ಲಿ, "ಯಾರಾದರೂ ಮುಂದೆ ಬನ್ನಿ" ಅಂತ ಎಲ್ಲರಿಗೂ ಸೇರಿಸಿ ಕೇಳಿದರೆ ದಿನಾ ಬರುವವರೇ ಬರುತ್ತಾರೆ. ಹೆಸರು ಹಿಡಿದು, ಒಂದು ಕೆಲಸಕ್ಕೆ, ಇಷ್ಟು ದಿನಕ್ಕೆ ಅಂತ ಕೇಳಬೇಕು. ಹೊಸಬರನ್ನು ಮೊದಲ ತಿಂಗಳೇ ಕೇಳಬೇಕು. ಹೊಣೆಗಾರಿಕೆಗೆ ಎರಡು ವರ್ಷದ ಮಿತಿ ಇರಬೇಕು. ಮತ್ತೆ, ದುಡಿಯುವವರು ಒಂದು ಭಾನುವಾರ ಕಾಣದಿದ್ದರೆ ಅವತ್ತೇ ಸಂಜೆ ಯಾರಾದರೂ ಅವರ ಮನೆ ಬಾಗಿಲು ತಟ್ಟಬೇಕು. ಆ ದಿನ ಯಾರೂ ಯಾಕೆ ಬರಲಿಲ್ಲ ಅಂತ ಅಯ್ಯನವರು ವಿಚಾರಿಸಿದ್ದರು. "ಅಕ್ಕ ಅಲ್ವಾ, ಅವರಿಗೇನಾಗುತ್ತೆ" ಅಂತ ಎಲ್ಲರೂ ಅಂದುಕೊಂಡಿದ್ದರಂತೆ.

ಎಲ್ಲವೂ ಸರಿಹೋಗಿಲ್ಲ. ಅವರು ಈಗಲೂ ಕೆಲವು ಕೆಲಸಗಳನ್ನು ಮೆಲ್ಲಗೆ ವಾಪಸ್ ಎಳೆದುಕೊಳ್ಳುತ್ತಾರೆ. ಕ್ರಿಸ್ಮಸ್ ಹತ್ತಿರ ಬಂದಾಗ ಮತ್ತೆ ಬರಲು ಹೇಳಿದ್ದೇನೆ. ಸಕ್ಕರೆ ಹತೋಟಿಯಲ್ಲಿದೆ, ರಕ್ತಕ್ಕೆ ಮಾತ್ರೆ ನಡೆಯುತ್ತಿದೆ. ಮಗಳು ಪಾಸಾಗಿ ಪಿಯುಸಿಗೆ ಸೇರಿದ್ದಾಳೆ. ಕೂಟಕ್ಕೆ ಸಹಕಾರ್ಯದರ್ಶಿ ಬೇಕು ಅಂತ ಅವರೇ ಸಮಿತಿಗೆ ಅರ್ಜಿ ಬರೆದು, ಬ್ಯಾಂಕಿನ ಕುಟುಂಬದ ಆ ಯುವತಿಯ ಹೆಸರು ಸೂಚಿಸಿದ್ದಾರೆ.