ಕಿತ್ತಳೆ ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ನಾರೋ, ದಾಸವಾಳದ ಲೋಳೆಯೋ? ಔಷಧಿ ಬಿಡುವ ಹೈಡ್ರೋಜೆಲ್‌ಗೆ (ನೀರು ಹೀರಿ ಉಬ್ಬುವ ಜೆಲ್) ಯಾವ ಗಿಡ ಒಳ್ಳೆಯದು ಅಂತ ಕೇಳಿದ್ದೀರಿ, ಗಿಡದ್ದು ಸುರಕ್ಷಿತ ಅಂತಲೂ ಅಂದಿದ್ದೀರಿ.

ನಾನು ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ಕಿತ್ತಳೆಯನ್ನೇ ಹಿಡಿದಿದ್ದೆ. ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟದಲ್ಲೇ ಮರಗಳಿದ್ದವು, ಸಿಪ್ಪೆಗೆ ಬರ ಇರಲಿಲ್ಲ. ಸಿಪ್ಪೆಯಿಂದ ಪೆಕ್ಟಿನ್ ತೆಗೆದು, ಕ್ಷಾರ ಹಾಕಿ ಅದರ ಮೆಥಾಕ್ಸಿಲ್ (ಆಮ್ಲದ ಗುಂಪುಗಳನ್ನು ಮುಚ್ಚಿರುವ ಎಸ್ಟರ್ ಭಾಗ) ಇಳಿಸಿದೆ. ಹಾಗೆ ಮಾಡದಿದ್ದರೆ ಅದು ಕ್ಯಾಲ್ಸಿಯಂ ಜೊತೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ನೋವಿನ ಔಷಧಿ ಡೈಕ್ಲೊಫೆನಾಕ್ ಬೆರೆಸಿ, ಸಿರಿಂಜ್‌ನಿಂದ ಕ್ಯಾಲ್ಸಿಯಂ ಕ್ಲೋರೈಡ್‌ಗೆ ತೊಟ್ಟಿಕ್ಕಿಸಿದರೆ ನೆನೆದ ಸಬ್ಬಕ್ಕಿಯಂಥ ಮಣಿಗಳು ಬಂದವು.

ಎಡವಿದ್ದು ಇದಾದ ಮೇಲೆ. ಹೊಟ್ಟೆಯಂಥ ಪಿಎಚ್ 1.2ರ ಆಮ್ಲದಲ್ಲಿ ಮಣಿಗಳು ಚಿಕ್ಕದಾಗೇ ಉಳಿದವು. ಕರುಳಿನಂಥ 7.4ರ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಉಬ್ಬಿ, ಅಂಚು ಸವೆದು, ಒಡೆದು ಹೋದವು. 'ಪಿಎಚ್‌ಗೆ ಸ್ಪಂದಿಸುತ್ತದೆ' ಅಂತ ಬರೆದುಬಿಟ್ಟೆ. ಅರ್ಧ ನಿಜ. ಪಿಎಚ್ ಏರಿದರೆ ಪೆಕ್ಟಿನ್‌ನ ಆಮ್ಲದ ಗುಂಪುಗಳು ಋಣ ವಿದ್ಯುದಂಶ ಪಡೆದು ಒಂದನ್ನೊಂದು ದೂಡುತ್ತವೆ, ನೀರು ಒಳಗೆ ನುಗ್ಗುತ್ತದೆ. ಆದರೆ ಫಾಸ್ಫೇಟ್ ಇನ್ನೊಂದು ಕೆಲಸ ಮಾಡುತ್ತದೆ: ಎಳೆಗಳನ್ನು ಕಟ್ಟಿ ಹಿಡಿದ ಕ್ಯಾಲ್ಸಿಯಂ ಅನ್ನೇ ಕಿತ್ತುಕೊಳ್ಳುತ್ತದೆ. "ಸ್ಪಂದಿಸಿದ್ದು ಪಿಎಚ್‌ಗೋ ಫಾಸ್ಫೇಟ್‌ಗೋ?" ಅಂತ ಪರೀಕ್ಷಕರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅದೇ 7.4ರ, ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್‌ನಲ್ಲಿ ಹಾಕಿ ನೋಡಿದರೆ ಮಣಿಗಳು ಉಬ್ಬಿದವು, ಒಡೆಯಲಿಲ್ಲ. ಸಾಲದ್ದಕ್ಕೆ ಡೈಕ್ಲೊಫೆನಾಕ್ ಆಮ್ಲದಲ್ಲಿ ತಾನಾಗೇ ಸರಿಯಾಗಿ ಕರಗುವುದಿಲ್ಲ. ಅಲ್ಲಿ ಔಷಧಿ ಹೊರಬರದೇ ಇದ್ದುದಕ್ಕೆ ಜೆಲ್ ಒಂದೇ ಕಾರಣ ಅಲ್ಲ. ಇಡೀ ಅಧ್ಯಾಯ ಮತ್ತೆ ಬರೆಯಬೇಕಾಯಿತು. ಸಿಕ್ಕಿದ್ದ ಕೆಲಸಕ್ಕೆ ಸಮಯಕ್ಕೆ ಸೇರಲಾಗಲಿಲ್ಲ. ಬರಿಯ ಔಷಧಿಯನ್ನೂ, ಫಾಸ್ಫೇಟ್ ಇಲ್ಲದ ಬಫರನ್ನೂ ಮೊದಲೇ ಜೊತೆಗಿಟ್ಟು ನೋಡಿದ್ದರೆ ಇದೆಲ್ಲ ತಪ್ಪುತ್ತಿತ್ತು.

ಹಾಗಾಗಿ 'ಯಾವ ಗಿಡ' ಅನ್ನುವ ಪ್ರಶ್ನೆಯನ್ನೇ ಬಿಡಿ. ಔಷಧಿ ಎಲ್ಲಿ ಬಿಡುಗಡೆಯಾಗಬೇಕು, ಯಾವುದು ಅದನ್ನು ಬಿಡಿಸಬೇಕು, ಅದನ್ನು ಮೊದಲು ತೀರ್ಮಾನಿಸಿ. ದೊಡ್ಡ ಕರುಳಿಗೆ ಅಂತಾದರೆ ನಾನು ಈಗಲೂ ಪೆಕ್ಟಿನ್ ಪರವೇ. ನಮ್ಮ ಜೀರ್ಣರಸದ ಕಿಣ್ವಗಳು ಅದನ್ನು ಒಡೆಯಲಾರವು, ಅಲ್ಲಿನ ಬ್ಯಾಕ್ಟೀರಿಯಾ ಒಡೆಯುತ್ತವೆ. ಆಗ ಪಿಎಚ್ ಹಿಂದೆ ಯಾಕೆ ಓಡಬೇಕು? ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಹಾಕಿ ಪರೀಕ್ಷಿಸಿ.

ಇನ್ನು 'ಗಿಡದ್ದು, ಹಾಗಾಗಿ ಸುರಕ್ಷಿತ' ಅಂದಿದ್ದೀರಿ. ಒಪ್ಪುವುದಿಲ್ಲ. ಸಿಪ್ಪೆಯಲ್ಲಿ ತೋಟಕ್ಕೆ ಹೊಡೆದ ಕೀಟನಾಶಕದ ಅಂಶವೂ ಇರಬಹುದು, ಅಲ್ವಾ? ಎಸ್ಟರ್ ಪ್ರಮಾಣ ನಮೂದಿಸಿರುವ ಕಡಿಮೆ ಮೆಥಾಕ್ಸಿಲ್ ಪೆಕ್ಟಿನ್ ಕೊಂಡು ಶುರು ಮಾಡಿ. ಅದರಲ್ಲಿ ಮಣಿ ನೀವು ಅಂದುಕೊಂಡ ಹಾಗೆ ನಡೆದುಕೊಂಡ ಮೇಲೆ ಕಿತ್ತಳೆಗೆ ಬನ್ನಿ.